ಗ್ಯಾಲಕ್ಸಿಯಲ್ಲಿ ಅನಿಲ ಎಷ್ಟು, ನಕ್ಷತ್ರ ಎಷ್ಟು? ಕಾರವಾರದ ಕಡಲತೀರದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ಬಿಟ್ಟ ಮೇಲೆ, ಅಮಾವಾಸ್ಯೆಯ ಆಸುಪಾಸಿನಲ್ಲಿ, ನಾವು ನಾಲ್ಕೈದು ಜನ ದೂರದರ್ಶಕ ಹೊತ್ತುಕೊಂಡು ಹೊರಡುತ್ತೇವೆ. ಒಮ್ಮೆ ಕಾರವಾರದ ಕಡಲತೀರ, ಒಮ್ಮೆ ಅಂಕೋಲಾ ಕಡೆಯ ಗದ್ದೆ ಬಯಲು, ಒಮ್ಮೆ ಶಿರಸಿಯಲ್ಲಿ ಯಾರದ್ದೋ ಮನೆಯ ಅಡಿಕೆ ಒಣಗಿಸುವ ಅಂಗಳ. ಗುರು, ಶನಿ ನೋಡುವವರೆಗೆ ಎಲ್ಲ ಸುಲಭ. ಸುರುಳಿ ಗ್ಯಾಲಕ್ಸಿ ತೋರಿಸಿ, "ಇದರಲ್ಲಿ ನಕ್ಷತ್ರ ಇಷ್ಟು, ಅನಿಲ ಇಷ್ಟು" ಅಂದ ಕೂಡಲೇ ಪ್ರಶ್ನೆಗಳು ಶುರು. ಕತ್ತಲಲ್ಲಿ ನಿಂತು ಕೊಟ್ಟ ಅರ್ಧಂಬರ್ಧ ಉತ್ತರಗಳನ್ನು ಇಲ್ಲಿ ಸ್ವಲ್ಪ ಸರಿಮಾಡಿ ಬರೆದಿದ್ದೇನೆ.

ಅನಿಲ ಅಂದರೆ ಯಾವ ಗ್ಯಾಸ್?

ಸಿಲಿಂಡರಿನದ್ದಲ್ಲ. ತೂಕದ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಪಾಲು ಹೈಡ್ರೋಜನ್, ಕಾಲು ಪಾಲು ಹೀಲಿಯಂ, ಉಳಿದದ್ದೆಲ್ಲ ಚಿಟಿಕೆಯಷ್ಟು. ಎಷ್ಟು ತೆಳು ಅಂದರೆ, ಬೆರಳ ತುದಿಯಷ್ಟು ಜಾಗದಲ್ಲಿ ಸರಾಸರಿ ಒಂದು ಪರಮಾಣು ಸಿಕ್ಕರೆ ಅದೇ ಜಾಸ್ತಿ. ಆದರೆ ಜಾಗ ಅಷ್ಟು ದೊಡ್ಡದಲ್ವಾ, ಎಲ್ಲ ಕೂಡಿಸಿದರೆ ನೂರಾರು ಕೋಟಿ ಸೂರ್ಯರ ತೂಕ ಆಗುತ್ತದೆ.

ಅನಿಲಕ್ಕೂ ನಕ್ಷತ್ರಕ್ಕೂ ಏನು ಸಂಬಂಧ?

ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರ ನೋಡಿದ್ದೀರಾ? ಭರತದ ಹೊತ್ತಿಗೆ ಅಘನಾಶಿನಿ ಅಳಿವೆಯ ಉಪ್ಪುನೀರನ್ನು ಒಳಗೆ ಬಿಡುತ್ತಾರೆ. ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸುತ್ತಾ ಬಿಸಿಲಿಗೆ ಒಣಗಿಸುತ್ತಾರೆ. ನೀರು ಸಾಕಷ್ಟು ಮಂದ ಆದ ಮೇಲೆ, ಕೊನೆಯ ಪಾತಿಯಲ್ಲಿ ಮಾತ್ರ, ಉಪ್ಪು ಹರಳುಗಟ್ಟುತ್ತದೆ.

ಗ್ಯಾಲಕ್ಸಿಯಲ್ಲೂ ಹೆಚ್ಚುಕಡಿಮೆ ಹೀಗೇ. ತೆಳು ಹೈಡ್ರೋಜನ್ ಪರಮಾಣುಗಳ ಅನಿಲ ಹೊರಗಿನ ಪಾತಿಯ ನೀರು. ಅದು ತಣ್ಣಗಾಗಿ, ಒತ್ತಾಗಿ, ಎರಡೆರಡು ಪರಮಾಣು ಜೋಡಿಯಾಗಿ ಅಣುಗಳ ಮೋಡ ಆಗುತ್ತದೆ. ಅದು ಕೊನೆಯ ಪಾತಿ. ನಕ್ಷತ್ರ ಹುಟ್ಟುವುದು ಅಲ್ಲೇ. ಹೊರಗಿನ ಪಾತಿಯಲ್ಲಿ ನೀರು ತುಂಬಿ ತುಳುಕುತ್ತಿದೆ ಅಂದ ಮಾತ್ರಕ್ಕೆ ಇವತ್ತು ಉಪ್ಪು ಬರುವುದಿಲ್ಲ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಕೆಳಗೆ ಮತ್ತೆ ಮತ್ತೆ ಬರುತ್ತದೆ.

ಹೋಲಿಕೆ ಒಂದು ಕಡೆ ಕೈ ಕೊಡುತ್ತದೆ. ಉಪ್ಪು ತಾನಾಗಿ ಮತ್ತೆ ನೀರಿಗೆ ಮರಳುವುದಿಲ್ಲ. ನಕ್ಷತ್ರಗಳು ಮರಳಿಸುತ್ತವೆ. ಒಂದು ಪೀಳಿಗೆಯ ನಕ್ಷತ್ರಗಳು ಕಾಲಾಂತರದಲ್ಲಿ ತಮ್ಮ ತೂಕದ ಮೂರನೇ ಒಂದು ಪಾಲಿಗೂ ಹೆಚ್ಚನ್ನು ಅನಿಲವಾಗಿ ವಾಪಸ್ ಕೊಡುತ್ತವೆ.

ನಕ್ಷತ್ರಗಳನ್ನು ತೂಗುವುದು ಹೇಗೆ? ಒಂದೊಂದೇ ಎಣಿಸುತ್ತಾರಾ?

ಇಲ್ಲ. ಒಟ್ಟು ಬೆಳಕು ಅಳೆದು ತೂಕ ಅಂದಾಜು ಮಾಡುತ್ತಾರೆ. ಯಾವ ಬೆಳಕು ಅನ್ನುವುದೇ ಮುಖ್ಯ. ಶಿರಸಿ ಜಾತ್ರೆಯಲ್ಲಿ ಕಿವಿಗೆ ಬೀಳುವುದು ಮೈಕ್ ಹಿಡಿದವನ ದನಿ. ಆದರೆ ಜಾತ್ರೆಯ ಜನ ಅಂದರೆ ಅವನೊಬ್ಬನೇ ಅಲ್ಲ. ಗ್ಯಾಲಕ್ಸಿಯ ಮೈಕಾಸುರರು ಎಳೆಯ ನೀಲಿ ನಕ್ಷತ್ರಗಳು. ಭಯಂಕರ ಬೆಳಗುತ್ತವೆ, ಒಟ್ಟು ತೂಕದಲ್ಲಿ ಲೆಕ್ಕಕ್ಕಿಲ್ಲ. ತೂಕ ಇರುವುದು ಮಂಕಾದ, ಹಳೆಯ, ಕೆಂಪು ನಕ್ಷತ್ರಗಳಲ್ಲಿ. ಅವುಗಳ ಲೆಕ್ಕ ಹಿಡಿಯಲು ಅವಕೆಂಪು (ಇನ್ಫ್ರಾರೆಡ್) ಬೆಳಕು ಬೇಕು. ಸ್ಪಿಟ್ಜರ್ ಅನ್ನುವ ಬಾಹ್ಯಾಕಾಶ ದೂರದರ್ಶಕ 3.6 ಮೈಕ್ರಾನ್ ಬೆಳಕಿನಲ್ಲಿ ಹತ್ತಿರದ 2,300ಕ್ಕೂ ಹೆಚ್ಚು ಗ್ಯಾಲಕ್ಸಿಗಳ ಚಿತ್ರ ತೆಗೆದಿದೆ. ಆ ಬೆಳಕಿನಲ್ಲಿ ಒಂದು ಸೂರ್ಯನಷ್ಟು ಪ್ರಕಾಶಕ್ಕೆ ಸುಮಾರು ಅರ್ಧ ಸೂರ್ಯನಷ್ಟು ತೂಕ ಹಿಡಿಯುತ್ತಾರೆ. ಕಾಲು ಭಾಗ ಆಚೀಚೆ ಆಗುವುದು ಮಾಮೂಲು.

ಕಣ್ಣಿಗೇ ಕಾಣದ ಅನಿಲವನ್ನು ತೂಗುವುದು?

ರೇಡಿಯೋದಲ್ಲಿ. ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನ್ ತನ್ನ ಗಿರಕಿಯ ದಿಕ್ಕು ಬದಲಿಸಿದಾಗ 21 ಸೆಂಟಿಮೀಟರ್ ಉದ್ದದ ಅಲೆ ಹೊರಡುತ್ತದೆ. ಹೆಚ್ಚುಕಡಿಮೆ ಒಂದು ಗೇಣು. ಒಂದು ಪರಮಾಣು ತಾನಾಗಿ ಹೀಗೆ ಮಾಡಲು ಸರಾಸರಿ 1 ಕೋಟಿ ವರ್ಷಕ್ಕೂ ಜಾಸ್ತಿ ಬೇಕು. ಆದರೆ ಪರಮಾಣುಗಳಿಗೆ ಅಲ್ಲಿ ಬರವೇ? ಯಾವುದೋ ಒಂದು ಸದಾ ಹೊರಳುತ್ತಲೇ ಇರುತ್ತದೆ. ಇಂಥ ಅಲೆ ಸಿಗಬಹುದು ಅಂತ 1944ರಲ್ಲಿ ಹೇಳಿದ್ದು ಹಾಲೆಂಡಿನ ವಾನ್ ಡೆ ಹುಲ್ಸ್ಟ್. 1951ರಲ್ಲಿ ಹಾರ್ವರ್ಡಿನ ಇವೆನ್ ಮತ್ತು ಪರ್ಸೆಲ್ ಹಿಡಿದೇ ಬಿಟ್ಟರು.

ಈ ಅಲೆ ಕೇಳುವ, ನಮಗೆ ಹತ್ತಿರದ ದೊಡ್ಡ ಕಿವಿ, ಅಂದರೆ ರೇಡಿಯೋ ದೂರದರ್ಶಕ, ಪುಣೆಯ ಉತ್ತರಕ್ಕೆ, ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿರುವ ಜಿಎಂಆರ್‌ಟಿ. ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಕಟ್ಟಿದ್ದು. ತಲಾ 45 ಮೀಟರ್ ಅಗಲದ 30 ಬುಟ್ಟಿಗಳು, ಅಂದರೆ ಡಿಶ್ ಆಂಟೆನಾಗಳು. ಈ ಗೇಣುದ್ದದ ಅಲೆ ಅದಕ್ಕೆ ಚೆನ್ನಾಗಿ ಕೇಳುತ್ತದೆ.

ಅಲೆಯ ಒಟ್ಟು ಬಲ ಗೊತ್ತಾದರೆ ಲೆಕ್ಕ ಸರಳ. ದೂರವನ್ನು ಮೆಗಾಪಾರ್ಸೆಕ್‌ನಲ್ಲಿ (ಒಂದು ಮೆಗಾಪಾರ್ಸೆಕ್ ಅಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ) ಬರೆದು ವರ್ಗ ಮಾಡಿ, ಅಲೆಯ ಬಲದಿಂದ ಗುಣಿಸಿ, ಮತ್ತೆ 2,36,000ದಿಂದ ಗುಣಿಸಿ. ಬರುವ ಉತ್ತರ ಸೂರ್ಯರ ಲೆಕ್ಕದಲ್ಲಿ ಹೈಡ್ರೋಜನ್ ತೂಕ. ಎನ್‌ಜಿಸಿ 2403 ಅನ್ನುವ ಸುರುಳಿ ಗ್ಯಾಲಕ್ಸಿ 3.2 ಮೆಗಾಪಾರ್ಸೆಕ್ ದೂರ. ಅಲೆಯ ಬಲ ಸುಮಾರು 1,050, ರೇಡಿಯೋದವರ ಅಳತೆಯಾದ ಜಾನ್ಸ್ಕಿ-ಕಿಲೋಮೀಟರ್/ಸೆಕೆಂಡ್ ಲೆಕ್ಕದಲ್ಲಿ. 3.2ರ ವರ್ಗ 10.24. ಗುಣಿಸಿ ನೋಡಿ, ಸುಮಾರು 254 ಕೋಟಿ ಸೂರ್ಯ.

ಈ ಲೆಕ್ಕ ಮೊದಲ ಸಲ ಮಾಡಿದಾಗ ನಾನು ಮಂಗ ಆಗಿದ್ದೆ. ದೂರ 3.2ರ ಬದಲು 10.4 ಅಂತ ಹಾಕಿದ್ದೆ. ಅದು ಮೆಗಾಪಾರ್ಸೆಕ್ ಅಲ್ಲ, ಹತ್ತು ಲಕ್ಷ ಜ್ಯೋತಿರ್ವರ್ಷದ ಲೆಕ್ಕ. ಉತ್ತರ 2,680 ಕೋಟಿ ಬಂತು. ಅಲ್ಲಿನ ನಕ್ಷತ್ರಗಳೆಲ್ಲ ಸೇರಿ ಸುಮಾರು 500 ಕೋಟಿ ಸೂರ್ಯರಷ್ಟು. ನಕ್ಷತ್ರಕ್ಕಿಂತ ಐದು ಪಟ್ಟು ಅನಿಲ ಇರುವ ಗ್ಯಾಲಕ್ಸಿ ಕಂಡುಹಿಡಿದೆ ಅಂತ ಎರಡು ದಿನ ಬೀಗಿದ್ದೂ ಆಯಿತು. ದೂರದ ತಪ್ಪು ವರ್ಗವಾಗಿ ಬೆಳೆಯುತ್ತದೆ. ಮೂರೂಕಾಲು ಪಟ್ಟು ತಪ್ಪಿದರೆ ತೂಕ ಹತ್ತೂವರೆ ಪಟ್ಟು ತಪ್ಪುತ್ತದೆ.

ಇನ್ನೊಂದು. ಇದು ಬರೀ ಹೈಡ್ರೋಜನ್. ಹೀಲಿಯಂ ಸೇರಿಸಲು 1.36ರಿಂದ ಗುಣಿಸಬೇಕು. ಆಗ 345 ಕೋಟಿ.

ಅಣು ರೂಪದ ಹೈಡ್ರೋಜನ್ನೂ ಹೀಗೇ ಸಿಗುತ್ತದಾ?

ಇಲ್ಲ, ಅದೇ ಗೋಳು. ತಣ್ಣಗಿರುವ ಹೈಡ್ರೋಜನ್ ಅಣು ಹೆಚ್ಚುಕಡಿಮೆ ಮೂಕ. ಹಾಗಾಗಿ ಅದರ ಜೊತೆ ಬೆರೆತಿರುವ ಕಾರ್ಬನ್ ಮೊನಾಕ್ಸೈಡಿನ 2.6 ಮಿಲಿಮೀಟರ್ ಅಲೆಯನ್ನು ಹುಡುಕುತ್ತಾರೆ. ರಾತ್ರಿ ಕಡಲಲ್ಲಿ ದೋಣಿ ಕಾಣುವುದಿಲ್ಲ, ಅದರ ದೀಪ ಕಾಣುತ್ತದೆ. ದೀಪ ಎಣಿಸಿ ದೋಣಿ ಎಷ್ಟು ಅಂತ ಹೇಳಿದ ಹಾಗೆ. ದೊಡ್ಡ ಸುರುಳಿ ಗ್ಯಾಲಕ್ಸಿಗಳಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಸಣ್ಣ ಗ್ಯಾಲಕ್ಸಿಗಳಲ್ಲಿ ಕಾರ್ಬನ್ನು, ಆಕ್ಸಿಜನ್ನು ಎರಡೂ ಕಮ್ಮಿ, ದೀಪವಿಲ್ಲದ ದೋಣಿಗಳೇ ಜಾಸ್ತಿ. ಅಲ್ಲಿ ಯಾರಾದರೂ ಅಣು ಅನಿಲದ ತೂಕ ಗಟ್ಟಿಯಾಗಿ ಹೇಳಿದರೆ ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ.

ಸರಿ, ಕೊನೆಗೆ ಲೆಕ್ಕ ಏನು? ನಕ್ಷತ್ರ ಜಾಸ್ತಿ ಇದ್ದರೆ ಅನಿಲವೂ ಜಾಸ್ತಿಯಾ?

ಒಟ್ಟು ತೂಕ ನೋಡಿದರೆ ಹೌದು. ಪಾಲು ನೋಡಿದರೆ ಉಲ್ಟಾ.

ನಮ್ಮ ನೆರೆಯ ಸಣ್ಣ ಸುರುಳಿ ಎಂ33 ತೆಗೆದುಕೊಳ್ಳಿ. ನೂರು ರೂಪಾಯಿ ನಕ್ಷತ್ರಕ್ಕೆ ನಲವತ್ತು ರೂಪಾಯಿಯ ಆಸುಪಾಸು ಪರಮಾಣು ಹೈಡ್ರೋಜನ್ ಇದೆ. ಎನ್‌ಜಿಸಿ 2403ರಲ್ಲಿ ಐವತ್ತು. ನಮ್ಮ ಆಕಾಶಗಂಗೆಯಲ್ಲಿ ನಕ್ಷತ್ರಗಳು 5,000ದಿಂದ 6,000 ಕೋಟಿ ಸೂರ್ಯರಷ್ಟು, ಪರಮಾಣು ಹೈಡ್ರೋಜನ್ ಸುಮಾರು 800 ಕೋಟಿ. ಅಂದರೆ ನೂರಕ್ಕೆ ಹದಿನೈದರ ಸುತ್ತ. ನಮ್ಮ ನೆರೆಯ ದೊಡ್ಡ ಗ್ಯಾಲಕ್ಸಿ ಆಂಡ್ರೊಮಿಡಾದಲ್ಲಿ ನಕ್ಷತ್ರ ಸುಮಾರು 10,000 ಕೋಟಿ, ಹೈಡ್ರೋಜನ್ ಅದರ ನೂರಕ್ಕೆ ಐದಾರು. ದೊಡ್ಡದಾದಷ್ಟೂ ಅನಿಲದ ಪಾಲು ಇಳಿಯುತ್ತದೆ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮೋಸ ಹೋಗುತ್ತೀರಿ. ಎರಡು ಗ್ಯಾಲಕ್ಸಿಗಳನ್ನು ಪಕ್ಕಪಕ್ಕ ಇಡುತ್ತೇನೆ. ಎರಡೂ ನಮ್ಮ ಸಪ್ತರ್ಷಿ ಮಂಡಲದ (ಪಾಶ್ಚಾತ್ಯರ ದೊಡ್ಡ ಕರಡಿ) ಕಡೆಯವೇ. ಒಂದು ಎಂ51, ಬಾಲದ ತುದಿಯ ಮರೀಚಿ ನಕ್ಷತ್ರದ ಹತ್ತಿರ. ಇನ್ನೊಂದು ಎನ್‌ಜಿಸಿ 2841, ಕರಡಿಯ ಮುಂಗಾಲಿನ ಕಡೆ. 2841ರಲ್ಲಿ ನಕ್ಷತ್ರಗಳು 6,000 ಕೋಟಿಯ ಮೇಲೆ, ಎಂ51ರಲ್ಲಿ 4,000 ಕೋಟಿ. ಪರಮಾಣು ಹೈಡ್ರೋಜನ್ 2841ರಲ್ಲಿ 1,200 ಕೋಟಿಗಿಂತ ಜಾಸ್ತಿ, ಎಂ51ರಲ್ಲಿ 300 ಕೋಟಿ ಚಿಲ್ಲರೆ. ಯಾವುದರಲ್ಲಿ ಹೊಸ ನಕ್ಷತ್ರ ಜಾಸ್ತಿ ಹುಟ್ಟುತ್ತಿರಬೇಕು ಹೇಳಿ?

ಕೇಳಿದವರೆಲ್ಲ 2841 ಅನ್ನುತ್ತಾರೆ. ತಪ್ಪು. ಎಂ51ರಲ್ಲಿ ವರ್ಷಕ್ಕೆ ಮೂರು ಸೂರ್ಯರಷ್ಟು ಹೊಸ ನಕ್ಷತ್ರ, 2841ರಲ್ಲಿ ಮುಕ್ಕಾಲು ಸೂರ್ಯನಷ್ಟು ಮಾತ್ರ. ಕಾರಣ ಕೊನೆಯ ಪಾತಿ. ಎಂ51ರಲ್ಲಿ ಅಣು ಹೈಡ್ರೋಜನ್ ಸುಮಾರು 250 ಕೋಟಿ. 2841ರಲ್ಲಿ ಬರೀ 30 ಕೋಟಿ. ನೀರು ಬೇಕಾದಷ್ಟಿದೆ, ಹರಳುಗಟ್ಟುವ ಪಾತಿಗೆ ಇಳಿದಿಲ್ಲ. ಹಾಗಾಗಿ ಯಾರಾದರೂ "ಈ ಗ್ಯಾಲಕ್ಸಿಯಲ್ಲಿ ಅನಿಲ ಎಷ್ಟು?" ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಯಾವ ಅನಿಲ, ಎಲ್ಲಿರುವುದು?

ಸಣ್ಣ ಗ್ಯಾಲಕ್ಸಿಗಳಲ್ಲಿ ಅನಿಲದ ಪಾಲು ಜಾಸ್ತಿ ಯಾಕೆ?

ಶಿರಸಿಯವರಿಗೆ ಬೇಗ ಅರ್ಥ ಆಗುತ್ತದೆ. ಸಣ್ಣ ತೋಟ, ಅದಕ್ಕೆ ಸೊಪ್ಪು ತರುವ ದೊಡ್ಡ ಸೊಪ್ಪಿನ ಬೆಟ್ಟ. ಸಣ್ಣ ಗ್ಯಾಲಕ್ಸಿಯ ಎಳೆತ ಕಮ್ಮಿ, ಅನಿಲ ಹರಡಿಕೊಂಡಿರುತ್ತದೆ, ಒತ್ತಾಗಲು ಹೊತ್ತು ಹಿಡಿಯುತ್ತದೆ. ನಕ್ಷತ್ರ ಮಾಡುವ ಕೆಲಸ ನಿಧಾನ, ಹಾಗಾಗಿ ಸರಕು ಇನ್ನೂ ಉಳಿದಿದೆ. ದೊಡ್ಡವು ಮೊದಲೇ ತಮ್ಮ ಅನಿಲ ಬಳಸಿ ಮುಗಿಸಿವೆ. ಮೇಲಾಗಿ ಅವುಗಳ ಸುತ್ತ ಇರುವ ಅನಿಲ ಲಕ್ಷಾಂತರ ಡಿಗ್ರಿ ಕಾದಿರುತ್ತದೆ, ಆರಿ ಕೆಳಗೆ ಇಳಿಯುವುದು ಕಷ್ಟ.

ಒಂದೇ ಗ್ಯಾಲಕ್ಸಿಯ ಒಳಗೆ ನೋಡಿದರೆ? ನಡುವಿನಿಂದ ಅಂಚಿಗೆ ಹೇಗಿದೆ?

ನನಗೆ ಎಲ್ಲಕ್ಕಿಂತ ಇಷ್ಟದ ಪ್ರಶ್ನೆ ಇದು. 2008ರಲ್ಲಿ ಒಂದು ತಂಡ ಅಮೆರಿಕದ ನ್ಯೂ ಮೆಕ್ಸಿಕೋದ ರೇಡಿಯೋ ಬುಟ್ಟಿಗಳಿಂದ ಹತ್ತಿರದ 34 ಗ್ಯಾಲಕ್ಸಿಗಳ ಹೈಡ್ರೋಜನ್ ನಕ್ಷೆ ಪ್ರಕಟಿಸಿತು. ಅದೇ ಗ್ಯಾಲಕ್ಸಿಗಳಲ್ಲಿ ಹಲವಕ್ಕೆ ಸ್ಪೇನಿನ 30 ಮೀಟರ್ ದೂರದರ್ಶಕದಿಂದ ಕಾರ್ಬನ್ ಮೊನಾಕ್ಸೈಡ್ ನಕ್ಷೆಯೂ ಬಂತು. ಎರಡನ್ನೂ ಅವಕೆಂಪು ಚಿತ್ರದ ಮೇಲೆ ಇಟ್ಟು ನೋಡಿದಾಗ ಮೂರು ಪದರಗಳ ನಡತೆ ಬೇರೆ ಬೇರೆ.

ನಕ್ಷತ್ರಗಳು ನಡುವೆ ಒತ್ತಾಗಿ, ಹೊರಗೆ ಹೋದ ಹಾಗೆ ವಿರಳ. ಅಣು ಅನಿಲವೂ ಹೆಚ್ಚುಕಡಿಮೆ ಅದೇ ಇಳಿಜಾರಿನಲ್ಲಿ ಇಳಿಯುತ್ತದೆ. ನಕ್ಷತ್ರ ಎಲ್ಲಿ ಒತ್ತಾಗಿದೆಯೋ ಅಲ್ಲಿ ಅಣು ಮೋಡವೂ ಒತ್ತು. ಪರಮಾಣು ಅನಿಲ ಮಾತ್ರ ಈ ಮಾತು ಕೇಳುವುದಿಲ್ಲ. ಅದು ಚಪ್ಪಟೆಯಾಗಿ ಹಾಸಿಕೊಂಡಿರುತ್ತದೆ. ಹಲವು ಗ್ಯಾಲಕ್ಸಿಗಳಲ್ಲಿ ನಡುವೆ ತೂತು ಬಿದ್ದ ಹಾಗೆ ಕಮ್ಮಿ, ಆದರೆ ನಕ್ಷತ್ರಗಳು ಮುಗಿದ ಮೇಲೂ ಹೊರಗೆ ದೂರದವರೆಗೆ ಇರುತ್ತದೆ. ಅದಕ್ಕೊಂದು ಮೇಲ್ಮಿತಿಯೂ ಇದೆ. ಒಂದು ಪಾರ್ಸೆಕ್ (ಸುಮಾರು ಮೂರೂಕಾಲು ಜ್ಯೋತಿರ್ವರ್ಷ) ಉದ್ದ, ಒಂದು ಪಾರ್ಸೆಕ್ ಅಗಲದ ತುಂಡಿನಲ್ಲಿ ಸುಮಾರು ಹತ್ತು ಸೂರ್ಯರಷ್ಟು ತುಂಬಿದರೆ ಮುಗಿಯಿತು. ಅದಕ್ಕಿಂತ ಮೇಲೆ ಸುರಿದದ್ದೆಲ್ಲ ಅಣುವಾಗಿ ಬದಲಾಗುತ್ತದೆ.

ಯಾಕೆ ಹೀಗೆ? ಗ್ಯಾಲಕ್ಸಿಯ ಚಪ್ಪಟೆ ತಟ್ಟೆಯಲ್ಲಿರುವ ನಕ್ಷತ್ರಗಳ ಭಾರವೇ ಅನಿಲವನ್ನು ಒತ್ತುತ್ತದೆ. ಒತ್ತಡ ಜಾಸ್ತಿ ಇದ್ದಲ್ಲಿ ಪರಮಾಣುಗಳು ಬೇಗ ಜೋಡಿ ಆಗುತ್ತವೆ. ಬ್ಲಿಟ್ಜ್ ಮತ್ತು ರೊಸೊಲೊವ್ಸ್ಕಿ 2006ರಲ್ಲಿ ಈ ಒತ್ತಡಕ್ಕೂ ಅಣು-ಪರಮಾಣು ಪಾಲಿಗೂ ಇರುವ ಹೊಂದಾಣಿಕೆಯನ್ನು ಅಂಕಿಗಳಲ್ಲಿ ತೋರಿಸಿದರು. ಅಂದರೆ ಅನಿಲ ನಕ್ಷತ್ರ ಮಾಡುತ್ತದೆ ಅನ್ನುವುದು ಅರ್ಧ ಕತೆ. ಆಗಲೇ ಹುಟ್ಟಿದ ನಕ್ಷತ್ರಗಳು ಮುಂದಿನ ಅನಿಲ ಯಾವ ರೂಪದಲ್ಲಿರಬೇಕು ಅಂತ ತೀರ್ಮಾನಿಸುತ್ತವೆ.

ಗ್ರಾಫ್ ಹಾಕಿದರೆ ಗೆರೆ ಚಂದ ಬರುತ್ತದೆ. ಅದು ನಿಜವಾದ ಸಂಬಂಧವಾ, ಸುಮ್ನೆ ಕಾಣುವುದಾ?

ಇದನ್ನು ಕೇಳಿದ್ದು ಶಿರಸಿ ಕಡೆಯ ಒಬ್ಬ ಡಿಗ್ರಿ ಹುಡುಗ. ಲಾಗ್ ಹಾಳೆಯ (ಒಂದೊಂದು ಹೆಜ್ಜೆಗೆ ಹತ್ತು ಪಟ್ಟು ಏರುವ ಗ್ರಾಫ್ ಹಾಳೆ) ಮೇಲೆ ಮೂವತ್ತು ಗ್ಯಾಲಕ್ಸಿಗಳನ್ನು ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು ತಂದಿದ್ದ. ಅಡ್ಡಕ್ಕೆ ನಕ್ಷತ್ರದ ತೂಕ, ಉದ್ದಕ್ಕೆ ಅನಿಲದ ತೂಕ. ಚುಕ್ಕೆಗಳು ಸಾಲಾಗಿ ಏರುತ್ತಿದ್ದವು. "ಸರ್, ಕಾನೂನು ಸಿಕ್ಕಿತು" ಅಂದ.

ನಾನು ಹೇಳಿದ್ದು ಇಷ್ಟು. ಇವುಗಳಲ್ಲಿ ಒಂದರ ದೂರವನ್ನು ಒಂದೂವರೆ ಪಟ್ಟು ತಪ್ಪು ಹಿಡಿ. ಅನಿಲದ ತೂಕ ಎರಡೂಕಾಲು ಪಟ್ಟು ಏರುತ್ತದೆ. ನಕ್ಷತ್ರದ ತೂಕವೂ ಬೆಳಕಿನಿಂದಲೇ ಬಂದದ್ದು, ಅದೂ ಎರಡೂಕಾಲು ಪಟ್ಟು ಏರುತ್ತದೆ. ಚುಕ್ಕೆ ಓರೆಯಾಗಿ, ನಿನ್ನ ಗೆರೆಯ ಉದ್ದಕ್ಕೇ ಜಾರುತ್ತದೆ. ತಪ್ಪು ಕೂಡ ಗೆರೆಯನ್ನು ಚಂದ ಮಾಡುತ್ತದೆ! ಅದೂ ಅಲ್ಲದೆ ದೊಡ್ಡದರಲ್ಲಿ ಎಲ್ಲವೂ ಜಾಸ್ತಿ. ದೊಡ್ಡ ಊರಲ್ಲಿ ಚಹಾ ಅಂಗಡಿಯೂ ಜಾಸ್ತಿ, ದವಾಖಾನೆಯೂ ಜಾಸ್ತಿ. ಚಹಾ ಕುಡಿದು ಜನ ದವಾಖಾನೆಗೆ ಹೋದರು ಅನ್ನಲಾಗುತ್ತದಾ?

ಅದಕ್ಕೇ ಪಾಲು ನೋಡಬೇಕು, ಅನಿಲ ಭಾಗಿಸು ನಕ್ಷತ್ರ. ದೂರದ ತಪ್ಪು ಮೇಲೆ ಕೆಳಗೆ ಎರಡರಲ್ಲೂ ಇರುವುದರಿಂದ ಹೊಡೆದುಹೋಗುತ್ತದೆ. ಹುಡುಗ ಮುಂದಿನ ತಿಂಗಳು ಅದನ್ನೂ ಹಾಕಿ ತಂದ. ಗೆರೆ ಈಗ ಇಳಿಯುತ್ತಿತ್ತು, ಚುಕ್ಕೆಗಳು ಚೆದುರಿದ್ದವು. ಇದರಲ್ಲೂ ಒಂದು ಕಿರಿಕಿರಿ ಇದೆ. ನಕ್ಷತ್ರದ ತೂಕ ಎರಡೂ ಕಡೆ ಕೂತಿದೆ, ಅಲ್ವಾ? ಅದನ್ನು ಜಾಸ್ತಿ ಅಂದಾಜಿಸಿದರೆ ಚುಕ್ಕೆ ಬಲಕ್ಕೂ ಹೋಗುತ್ತದೆ, ಕೆಳಗೂ ಹೋಗುತ್ತದೆ. ತಾನಾಗಿ ಇಳಿಜಾರು!

ಇನ್ನು ಆಯ್ಕೆಯ ದೋಷ. ಪೋರ್ಟೊ ರಿಕೊದ ಅರೆಸಿಬೊ ಬುಟ್ಟಿ, 2020ರಲ್ಲಿ ಕುಸಿಯಿತಲ್ಲ ಅದೇ, ಒಂದು ಸಮೀಕ್ಷೆಯಲ್ಲಿ 31,000ಕ್ಕೂ ಹೆಚ್ಚು ಹೈಡ್ರೋಜನ್ ಮೂಲಗಳನ್ನು ಹಿಡಿಯಿತು. ಆದರೆ ಅನಿಲ ಇದ್ದವರು ಮಾತ್ರ ಆ ಪಟ್ಟಿಯಲ್ಲಿ. ಬಡವರ ಹೆಸರಿಲ್ಲದ ಪಟ್ಟಿಯಿಂದ ಊರಿನ ಸರಾಸರಿ ಆದಾಯ ತೆಗೆದ ಹಾಗೆ. ಇದನ್ನು ಸರಿಮಾಡಲು ಅದೇ ಬುಟ್ಟಿಯಿಂದ ಇನ್ನೊಂದು ಸಮೀಕ್ಷೆ ನಡೆಯಿತು. ಮೊದಲು ನಕ್ಷತ್ರದ ತೂಕ ನೋಡಿ ಸುಮಾರು 1,200 ಗ್ಯಾಲಕ್ಸಿ ಆರಿಸಿ, ಪ್ರತಿಯೊಂದರಲ್ಲೂ ಅನಿಲ ಸಿಗುವವರೆಗೆ, ಇಲ್ಲವೇ ನಕ್ಷತ್ರದ ನೂರಕ್ಕೆ ಕೆಲವೇ ಪಾಲಿಗಿಂತ ಕಮ್ಮಿ ಅಂತ ಖಾತ್ರಿ ಆಗುವವರೆಗೆ ಕಾದರು. ಇಷ್ಟೆಲ್ಲ ಜರಡಿ ಹಿಡಿದ ಮೇಲೂ ಇಳಿಜಾರು ಉಳಿಯಿತು. ಹಾಗಾಗಿ ಸಂಬಂಧ ನಿಜ. ಹುಡುಗನ ಮೊದಲ ಗೆರೆಯಷ್ಟು ಬಿಗಿ ಅಲ್ಲ, ಅಷ್ಟೇ.

ಅನಿಲ ಮುಗಿದುಹೋಗುವುದಿಲ್ಲವಾ?

ಈಗಿನ ವೇಗದಲ್ಲಿ ಹತ್ತಿರದ ಸುರುಳಿಗಳಲ್ಲಿ ಅಣು ಅನಿಲ ಸುಮಾರು 200 ಕೋಟಿ ವರ್ಷಕ್ಕೆ ಸಾಕು. ವಿಶ್ವದ ವಯಸ್ಸು 1,380 ಕೋಟಿ ವರ್ಷ. ಎಂದೋ ಮುಗಿಯಬೇಕಿತ್ತು. ಮುಗಿದಿಲ್ಲ ಅಂದರೆ ಎಲ್ಲಿಂದಲೋ ಭರತದ ನೀರು ಬರುತ್ತಿದೆ. ಒಂದಿಷ್ಟು ಹೊರ ಅಂಚಿನ ಪರಮಾಣು ಅನಿಲ ಒಳಗೆ ಸರಿಯುತ್ತದೆ, ಒಂದಿಷ್ಟು ಸತ್ತ ನಕ್ಷತ್ರಗಳದ್ದು, ಇನ್ನೊಂದಿಷ್ಟು ಹೊರಗಿನಿಂದ ಬೀಳುವುದು. ನಮ್ಮ ಆಕಾಶಗಂಗೆಯ ಮೇಲೇ ಸ್ಮಿತ್ ಮೋಡ ಅನ್ನುವ ದೊಡ್ಡ ಹೈಡ್ರೋಜನ್ ರಾಶಿ ಬೀಳಲು ಬರುತ್ತಿದೆ. ಇನ್ನು ಸುಮಾರು 3 ಕೋಟಿ ವರ್ಷ ಬೇಕು, ಗಾಬರಿ ಬೇಡ.

ಅನಿಲ ಕಳೆದುಕೊಂಡ ಸುರುಳಿಗಳೂ ಇವೆಯಾ?

ಇವೆ. ಕನ್ಯಾ ರಾಶಿಯ ದಿಕ್ಕಿನ ಗ್ಯಾಲಕ್ಸಿ ಗುಂಪಿನಲ್ಲಿ ಎನ್‌ಜಿಸಿ 4522 ತರಹದವು ಗುಂಪಿನ ಬಿಸಿ ಅನಿಲದೊಳಗೆ ನುಗ್ಗುವಾಗ ತಮ್ಮ ಪರಮಾಣು ಅನಿಲ ಕಳಚಿಕೊಳ್ಳುತ್ತವೆ. ಎದುರುಗಾಳಿಗೆ ಬೈಕಿನಲ್ಲಿ ಹೋಗುವಾಗ ಟೋಪಿ ಹಾರುವ ಹಾಗೆ. ನಕ್ಷತ್ರಗಳು ಮಾತ್ರ ಅಲ್ಲಾಡುವುದಿಲ್ಲ.

ಕಪ್ಪು ದ್ರವ್ಯ ಇದರಲ್ಲಿ ಎಲ್ಲಿ ಬಂತು?

ಅದು ಕಾಣದ ದ್ರವ್ಯ, ಎಳೆತದಿಂದ ಮಾತ್ರ ಗೊತ್ತಾಗುವುದು. ಅದರ ಸುಳಿವು ಸಿಗುವುದು ಗ್ಯಾಲಕ್ಸಿ ತಿರುಗುವ ವೇಗದಿಂದ. 1977ರಲ್ಲಿ ಟಲ್ಲಿ ಮತ್ತು ಫಿಶರ್ ತಿರುಗುವ ವೇಗಕ್ಕೂ ಬೆಳಕಿಗೂ ನಂಟು ತೋರಿಸಿದರು. ಸಣ್ಣ ಗ್ಯಾಲಕ್ಸಿಗಳಲ್ಲಿ ಮಾತ್ರ ಲೆಕ್ಕ ಸೊಟ್ಟಗಾಗುತ್ತಿತ್ತು. 2000ದಲ್ಲಿ ಮೆಕ್‌ಗಾ ಮತ್ತು ಜೊತೆಗಾರರು ನಕ್ಷತ್ರದ ಜೊತೆ ಅನಿಲವನ್ನೂ ಕೂಡಿಸಿದರು, ಗೆರೆ ನೆಟ್ಟಗಾಯಿತು. ನಕ್ಷತ್ರ, ಅನಿಲ ಸೇರಿದ ಒಟ್ಟು ತೂಕ ವೇಗದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ. ಅನಿಲ ಬಿಟ್ಟು ಲೆಕ್ಕ ಮಾಡಬೇಡಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇವೆಲ್ಲ ನಮ್ಮೂರಿಂದ ಕಾಣುತ್ತವಾ?

ನವೆಂಬರ್ ಸಂಜೆ ಆಂಡ್ರೊಮಿಡಾ ಉತ್ತರಕ್ಕೆ ಎತ್ತರದಲ್ಲಿ ಇರುತ್ತದೆ. ಬಂದರಿನ ಮತ್ತು ಹೆದ್ದಾರಿಯ ದೀಪ ದಾಟಿ ಒಳಗೆ ಹೋದರೆ ಬರಿಗಣ್ಣಿಗೇ ಮಸುಕಾಗಿ ಕಾಣುತ್ತದೆ. ಎಂ33ಕ್ಕೆ ಬೈನಾಕ್ಯುಲರ್ ಮತ್ತು ಯಲ್ಲಾಪುರ ಕಡೆಯ ಕತ್ತಲು ಬೇಕು. ಎನ್‌ಜಿಸಿ 2403 ಫೆಬ್ರವರಿಯಲ್ಲಿ, ಉತ್ತರದಲ್ಲಿ ಸುಮಾರು 40 ಡಿಗ್ರಿ ಎತ್ತರಕ್ಕೆ ಬರುತ್ತದೆ. ಎಂ51 ಮೇ ತಿಂಗಳಲ್ಲಿ. ಬಣ್ಣ ನಿರೀಕ್ಷಿಸಬೇಡಿ, ಎಲ್ಲವೂ ಬೂದಿ ಬಣ್ಣದ ಮಚ್ಚೆ. ಮತ್ತೆ, ಕಾಣುವುದು ನಕ್ಷತ್ರಗಳ ಬೆಳಕು. ಪರಮಾಣು ಅನಿಲ ಯಾವ ದೂರದರ್ಶಕದಲ್ಲೂ ಕಣ್ಣಿಗೆ ಬೀಳದು.

ಮಳೆಗಾಲದಲ್ಲಿ ಏನು ಮಾಡುತ್ತೀರಿ?

ಜೂನ್‌ನಿಂದ ನಾಲ್ಕು ತಿಂಗಳು ನಮಗೆ ಆಕಾಶವೇ ಇಲ್ಲ. ಆದರೆ ಗೇಣುದ್ದದ ಅಲೆಗೆ ಮೋಡ ಲೆಕ್ಕಕ್ಕಿಲ್ಲ. ಹಾಗಾಗಿ ಹೋದ ಮಳೆಗಾಲ ತಗಡು ಕತ್ತರಿಸಿ ಒಂದು ಕಹಳೆ ಮಾಡಿದೆವು, ಬಾಯಿ ಮುಕ್ಕಾಲು ಮೀಟರ್ ಅಗಲ. ಜೊತೆಗೆ ಒಂದು ಸಣ್ಣ ವರ್ಧಕ, ಯುಎಸ್‌ಬಿ ರೇಡಿಯೋ ಕಡ್ಡಿ, ಹಳೇ ಲ್ಯಾಪ್‌ಟಾಪ್. ಬೇರೆ ಗ್ಯಾಲಕ್ಸಿಗೆ ಇದು ಸಾಲದು, ಆಕಾಶಗಂಗೆಯ ಹೈಡ್ರೋಜನ್ನಿಗೆ ಸಾಕು. ಮೊದಲ ವಾರ ಪರದೆಯ ಮೇಲೆ ಕಂಡದ್ದೆಲ್ಲ ನಮ್ಮದೇ ಲ್ಯಾಪ್‌ಟಾಪ್ ಚಾರ್ಜರಿನ ಗದ್ದಲ. ಅದನ್ನು ಕಿತ್ತು ಬ್ಯಾಟರಿಯ ಮೇಲೆ ಓಡಿಸಿದ ರಾತ್ರಿ, 1420 ಮೆಗಾಹರ್ಟ್ಸ್ ದಾಟಿದ ಜಾಗದಲ್ಲಿ, ಅಂದರೆ ಗೇಣುದ್ದದ ಅಲೆಯ ಜಾಗದಲ್ಲೇ, ಸಣ್ಣ ದಿಬ್ಬ ಒಂದು ಎದ್ದಿತು. ಕಹಳೆಯನ್ನು ಆಕಾಶಗಂಗೆಯ ಪಟ್ಟಿಯಿಂದ ಆಚೆ ತಿರುಗಿಸಿದರೆ ಇಳಿಯಿತು, ವಾಪಸ್ ತಂದರೆ ಎದ್ದಿತು.

ಇವೆನ್ ಮತ್ತು ಪರ್ಸೆಲ್ ತಮ್ಮ ಕಹಳೆಯನ್ನು ಕಿಟಕಿಯಿಂದ ಆಚೆ ಚಾಚಿ ಇಟ್ಟಿದ್ದರಂತೆ. ಮಳೆ ಬಂದರೆ ಅದು ಲಾಳಿಕೆಯ ಹಾಗೆ ನೀರನ್ನು ಸೀದಾ ಲ್ಯಾಬಿನೊಳಗೆ ಸುರಿಯುತ್ತಿತ್ತು. ಅದನ್ನು ಓದಿದ್ದರಿಂದ ನಾವು ಮೊದಲೇ ಕಹಳೆಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದೆವು. ಆದರೂ ಜುಲೈನಲ್ಲಿ ಎರಡು ಸಲ ಬಕೆಟ್ ಇಡಬೇಕಾಯಿತು.